ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಕ್ರೈಸ್ತ ವಿಶ್ವವಿದ್ಯಾಲಯಕ್ಕೆ: ಮೊದಲ ವರ್ಷದ ವಿದ್ಯಾರ್ಥಿ ಜೀವನಕ್ಕೊಂದು ಮಾರ್ಗದರ್ಶಿ

ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಮೂರು ಜಿಲ್ಲೆಗಳಿಂದ ಬೆಂಗಳೂರು, ಮಂಗಳೂರುಗಳ ಕ್ರೈಸ್ತ ವಿಶ್ವವಿದ್ಯಾಲಯಗಳತ್ತ ಹೊರಡುವ ಮಕ್ಕಳಿಗೆ ಸೀಟು ಪಡೆಯುವ ದಾರಿಯನ್ನು ತಿಳಿಸುವವರು ಬಹಳ ಮಂದಿ ಇದ್ದಾರೆ. ಸೀಟು ಸಿಕ್ಕ ಮೇಲೆ ಅಲ್ಲಿ ಬದುಕುವುದು ಹೇಗೆಂದು ತಿಳಿಸುವವರು ಕಡಿಮೆ. 1969ರಲ್ಲಿ ಸಿಎಂಐ ಎಂಬ ಕ್ಯಾಥೋಲಿಕ್ ಸಭೆಯ ಗುರುಗಳು ಬೆಂಗಳೂರಿನಲ್ಲಿ ಆರಂಭಿಸಿ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ, ಅಂದರೆ ವಿಶ್ವವಿದ್ಯಾಲಯಕ್ಕೆ ಸಮನಾದ ಸ್ಥಾನ ಪಡೆದ ಕ್ರೈಸ್ಟ್, 1882ರಷ್ಟು ಹಿಂದೆ ಹುಟ್ಟಿ 2022ರಲ್ಲಿ ವಿಶ್ವವಿದ್ಯಾಲಯವಾಗಿ ಉದ್ಘಾಟನೆಗೊಂಡ ಸೇಂಟ್ ಜೋಸೆಫ್ಸ್, ಮಂಗಳೂರಿನಲ್ಲಿ 1880ರಿಂದ ನಡೆದುಬಂದು 2024ರಲ್ಲಿ ಡೀಮ್ಡ್ ಸ್ಥಾನ ಪಡೆದ ಸೇಂಟ್ ಅಲೋಶಿಯಸ್ — ಇವು ನಮ್ಮವರು ಹೆಚ್ಚಾಗಿ ಕೇಳಿರುವ ಹೆಸರುಗಳು. ಇವುಗಳಲ್ಲಿ ಕೊನೆಯ ಎರಡನ್ನು ನಡೆಸುವವರು ಯೇಸುಸಭೆಯ ಗುರುಗಳು, ಅಂದರೆ ಜೆಸ್ವಿಟರು.

ಕ್ರೈಸ್ತ ಶಿಕ್ಷಣ ನಮ್ಮ ನಾಡಿಗೆ ಹೊಸದೇನಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅದೇ ಮಿಷನ್ನಿನ ವಾರ್ಡ್ಲಾ ಶಾಲೆಯಲ್ಲಿ ಓದಿದ ಹಿರಿಯರು ಬಳ್ಳಾರಿಯ ಎಷ್ಟೋ ಮನೆತನಗಳಲ್ಲಿದ್ದಾರೆ. ಮಾನ್ವಿಯಲ್ಲಿ ಜೆಸ್ವಿಟರು ನಡೆಸುವ ಲೊಯೋಲಾ ಶಾಲೆಯಿಂದ ಬಂದ ಮಕ್ಕಳಿಗೂ ಪಾದ್ರಿಗಳ ಕೈಕೆಳಗಿನ ಶಿಸ್ತು ಗೊತ್ತಿರುತ್ತದೆ. ಆದರೆ ವಿಶ್ವವಿದ್ಯಾಲಯದ ಅಳತೆಯೇ ಬೇರೆ. ತರಗತಿಯ ಓದಿನಲ್ಲಿ ನಮ್ಮ ಮಕ್ಕಳು ಹಿಂದೆ ಬೀಳುವುದಿಲ್ಲ. ತರಗತಿಯ ಹೊರಗಿನ ಸಂಘ, ಶಿಬಿರ, ಉತ್ಸವ, ಸೇವಾಕಾರ್ಯಗಳಲ್ಲಿ, ಇಂಗ್ಲಿಷಿನ ಅಳುಕಿನಿಂದಲೋ ಖರ್ಚಿನ ಭಯದಿಂದಲೋ, ಮೊದಲ ವರ್ಷವನ್ನು ಪೂರ್ತಿಯಾಗಿ ಕೈಬಿಡುತ್ತಾರೆ. ಈ ಲೇಖನ ಮುಖ್ಯವಾಗಿ ಆ ಒಂದು ವರ್ಷವನ್ನು ಕುರಿತದ್ದು.

ಊರು ಬಿಡುವ ಮುನ್ನ

ಮೊದಲು ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳಿ, ಏಕೆಂದರೆ ತಾಲ್ಲೂಕು ಕಚೇರಿಯ ಕೆಲಸಕ್ಕಾಗಿ ಸೆಮಿಸ್ಟರಿನ ನಡುವೆ ಬೆಂಗಳೂರಿನಿಂದ ಸಿಂಧನೂರಿಗೆ ಬಂದುಹೋಗುವುದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ. ಆಧಾರ್ ಕಾರ್ಡಿನ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೆ ಅಕ್ಷರಶಃ ಹೊಂದಬೇಕು; ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು; ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆಗಳು, ಅಂದರೆ ಆ ಪತ್ರಗಳ ಮೇಲೆ ಅಚ್ಚಾಗಿರುವ ಗುರುತಿನ ಸಂಖ್ಯೆಗಳು, ಕೈಯಲ್ಲಿರಬೇಕು. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಅಡ್ಡಿಯಾಗುವುದು ಹೆಚ್ಚಾಗಿ ಈ ಮೂರರಲ್ಲೊಂದು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯನ್ವಯ ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಕೊಡುವ ಅರ್ಹತಾ ಪ್ರಮಾಣಪತ್ರದ ಮುಖ್ಯ ಉಪಯೋಗ ಸರ್ಕಾರಿ ಸೀಟು ಮತ್ತು ನೇಮಕಾತಿಗಳಲ್ಲಿ ಎಂಬುದು ನಿಜ. ಆದರೂ ಪದವಿ ಮುಗಿಯುವ ಹೊತ್ತಿಗೆ ಪರದಾಡುವ ಬದಲು ಈಗಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಮೂಲ ದಾಖಲೆಗಳನ್ನು ಪ್ರವೇಶದ ಸಮಯದಲ್ಲಿ ಒಪ್ಪಿಸಬೇಕಾಗಬಹುದಾದ್ದರಿಂದ ಎಲ್ಲದರ ಸ್ಕ್ಯಾನ್ ಪ್ರತಿ ಮೊಬೈಲಿನಲ್ಲೂ ಜೆರಾಕ್ಸ್ ಪ್ರತಿಗಳು ಮನೆಯಲ್ಲೂ ಇರಲಿ.

ಬಟ್ಟೆ ಕೊಳ್ಳುವ ಮುನ್ನ ಸಂಸ್ಥೆಯ ಕೈಪಿಡಿಯನ್ನು ಓದಿ. ವಾರದ ದಿನಗಳಲ್ಲಿ ಜೀನ್ಸ್, ಟೀಶರ್ಟಿಗೆ ಅವಕಾಶವಿಲ್ಲದ, ಫಾರ್ಮಲ್ ಉಡುಪನ್ನೇ ಕೇಳುವ ಸಂಸ್ಥೆಗಳಿವೆ. ಅಂಥಲ್ಲಿಗೆ ಹೊರಟವರು ಬಳ್ಳಾರಿಯಲ್ಲೇ ಜೀನ್ಸ್ ಹೊಲಿಸಿಕೊಂಡು ಹೋದರೆ ಅದು ಭಾನುವಾರಕ್ಕಷ್ಟೇ ಉಪಯೋಗ. ಜೀನ್ಸ್ ಹೊಲಿಗೆಗೆ ಹೆಸರಾದ ಊರಿನವರಿಗೆ ಇದು ಕೊಂಚ ಬೇಸರದ ಸಂಗತಿಯೇ.

ಮೊದಲ ವಾರ: ಹಾಜರಾತಿಯ ಲೆಕ್ಕ

ಪರಿಚಯ ಕಾರ್ಯಕ್ರಮದ ದಿನಗಳಲ್ಲಿ ಎಲ್ಲರೂ ಕಟ್ಟಡ, ಕ್ಯಾಂಟೀನ್‌ಗಳನ್ನು ನೋಡುತ್ತಾರೆ. ನೀವು ಹಾಜರಾತಿಯ ನಿಯಮವನ್ನು ಓದಿ. ಸಾಮಾನ್ಯವಾಗಿ ಎಲ್ಲೆಡೆ ಕೇಳುವ ಪ್ರಮಾಣ ಶೇಕಡಾ 75 ಆದರೂ ಕೆಲವು ಕ್ರೈಸ್ತ ಸಂಸ್ಥೆಗಳಲ್ಲಿ ಅದು 85ರವರೆಗೆ ಇರುತ್ತದೆ, ಮತ್ತು ಈ ಹತ್ತರ ವ್ಯತ್ಯಾಸ ಕೇಳುವಾಗ ಸಣ್ಣದೆನಿಸಿದರೂ ಊರಿಗೆ ಬಂದುಹೋಗುವವರಿಗೆ ಬಹಳ ದೊಡ್ಡದು. ವಾರಕ್ಕೆ 4 ತರಗತಿಯಂತೆ 15 ವಾರ ನಡೆಯುವ ಒಂದು ವಿಷಯದಲ್ಲಿ ಒಟ್ಟು 60 ತರಗತಿಗಳಾಗುತ್ತವೆ. ಶೇಕಡಾ 75ರ ನಿಯಮವಿದ್ದರೆ 15 ತರಗತಿ ತಪ್ಪಬಹುದು, 85ರ ನಿಯಮವಿದ್ದರೆ 9 ಮಾತ್ರ. ಶನಿವಾರ ಮತ್ತು ಸೋಮವಾರ ಬಿಟ್ಟು ಕೊಪ್ಪಳಕ್ಕೆ ಬಂದು ಹೋದಾಗಲೆಲ್ಲ ಪ್ರತಿ ವಿಷಯದಲ್ಲಿ ಎರಡು ತರಗತಿ ತಪ್ಪಿದರೆ ಐದನೆಯ ಸಲ ಬರುವಾಗಲೇ ಮಿತಿ ದಾಟಿರುತ್ತದೆ. ಜ್ವರಕ್ಕೆಂದು ಏನೂ ಉಳಿದಿರುವುದಿಲ್ಲ.

ಚಟುವಟಿಕೆಗಳಿಗಾಗಿ ತರಗತಿ ತಪ್ಪಿದರೆ ಸಿಗುವ ಹಾಜರಾತಿಯನ್ನು ವಿದ್ಯಾರ್ಥಿಗಳು ‘ಓಡಿ’ ಎನ್ನುತ್ತಾರೆ, ಅಂದರೆ ಕರ್ತವ್ಯದ ಮೇಲಿದ್ದ ಗೈರು. ಅದು ತಾನಾಗಿ ಬರುವುದಿಲ್ಲ. ಕಾರ್ಯಕ್ರಮಕ್ಕೆ ಮೊದಲೇ ಸಂಯೋಜಕರ ಸಹಿ ಪಡೆದು, ನಿಗದಿತ ದಿನಗಳೊಳಗೆ ವಿಭಾಗಕ್ಕೆ ತಲುಪಿಸಬೇಕು; ಎಲ್ಲ ಚಟುವಟಿಕೆಗೂ ಓಡಿ ಸಿಗುವುದಿಲ್ಲ, ಸಿಕ್ಕರೂ ಮಿತಿ ಇರುತ್ತದೆ. ಯಾವ ಸಂಘಕ್ಕೆ ಸೇರುವುದಾದರೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ, ಮತ್ತು ಇದನ್ನು ಸೀನಿಯರ್‌ಗಳಿಗಿಂತ ಸಂಘದ ಹೊಣೆ ಹೊತ್ತ ಅಧ್ಯಾಪಕರನ್ನೇ ಕೇಳುವುದು ಕ್ಷೇಮ.

ಪ್ರಾರ್ಥನೆ, ಚಾಪೆಲ್ ಮತ್ತು ಮನೆಯವರ ಪ್ರಶ್ನೆ

ಊರಿನಲ್ಲಿ ಹಿರಿಯರು ಕೇಳುವ ಮೊದಲ ಪ್ರಶ್ನೆ ಇದೇ ಆಗಿರುತ್ತದೆ: ಅಲ್ಲಿ ಪ್ರಾರ್ಥನೆ ಮಾಡಿಸುತ್ತಾರೆಯೆ? ಉತ್ತರವನ್ನು ತಿಳಿದೇ ಹೋಗಿ. ಸಂವಿಧಾನದ 30ನೇ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. 28ನೇ ವಿಧಿಯ ಮೂರನೇ ಖಂಡವು, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಓದುವ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ — ಅಪ್ರಾಪ್ತರಾಗಿದ್ದರೆ ಪೋಷಕರ ಒಪ್ಪಿಗೆಯಿಲ್ಲದೆ — ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಬಲವಂತಪಡಿಸುವಂತಿಲ್ಲ ಎನ್ನುತ್ತದೆ. ಬೆಂಗಳೂರು, ಮಂಗಳೂರಿನ ಈ ಸಂಸ್ಥೆಗಳಲ್ಲಿ ಓದುವವರಲ್ಲಿ ಕ್ರೈಸ್ತರಲ್ಲದವರೇ ಬಹಳ. ಸಮಾರಂಭಗಳ ಆರಂಭದಲ್ಲಿ ಪ್ರಾರ್ಥನೆಯೊಂದು ಇರುತ್ತದೆ; ಎಲ್ಲರೊಂದಿಗೆ ಎದ್ದು ಸುಮ್ಮನೆ ನಿಂತರೆ ಸಾಕು. ಮೌಲ್ಯ ಶಿಕ್ಷಣ ಅಥವಾ ಸಮಗ್ರ ಶಿಕ್ಷಣ ಎಂಬ ಹೆಸರಿನ ತರಗತಿ ಬೇರೆ, ಧರ್ಮಬೋಧನೆ ಬೇರೆ. ಮೊದಲನೆಯದು ಸಾಮಾನ್ಯವಾಗಿ ಎಲ್ಲರಿಗೂ ಇರುವ ಪಠ್ಯದ ಭಾಗವಾಗಿದ್ದು, ಅದನ್ನು ಧಾರ್ಮಿಕವೆಂದು ಭಾವಿಸಿ ತಪ್ಪಿಸಿಕೊಂಡರೆ ಅಂಕ ಹೋಗುತ್ತದೆ.

ಬಲಿಪೂಜೆಗೆ, ಅಂದರೆ ಕ್ಯಾಥೋಲಿಕರು ‘ಮಾಸ್’ ಎನ್ನುವ ಆರಾಧನೆಗೆ, ಸ್ನೇಹಿತರು ಕರೆದು, ನೋಡುವ ಮನಸ್ಸಿನಿಂದ ಹೋಗುವವರಿಗೆ ಒಂದು ಮಾತು. ಗುಡಿಯಲ್ಲಿ ಪ್ರಸಾದ ಕೊಟ್ಟರೆ ಬೇಡವೆನ್ನಬಾರದೆಂದು ಬೆಳೆದವರು ನಾವು. ಆದರೆ ಅಲ್ಲಿ ಗುರುಗಳು ಕೊಡುವ ಪರಮಪ್ರಸಾದ ದೀಕ್ಷಾಸ್ನಾನ ಪಡೆದ ಕ್ಯಾಥೋಲಿಕರಿಗೆ ಮಾತ್ರ ಮೀಸಲು. ಮರ್ಯಾದೆಗೆಂದು ಸಾಲಿನಲ್ಲಿ ಹೋಗಿ ಕೈಯೊಡ್ಡುವುದು ಅವರ ನಂಬಿಕೆಗೆ ನೋವುಂಟುಮಾಡುತ್ತದೆ, ಆದ್ದರಿಂದ ಆ ಹೊತ್ತಿನಲ್ಲಿ ಕುಳಿತ ಜಾಗದಲ್ಲೇ ಇರಿ. ಬಾಗಿಲಲ್ಲಿ ಚಪ್ಪಲಿ ಬಿಡಬೇಕೆಂಬ ನಿಯಮ ಬಹಳ ಕಡೆ ಇರುವುದಿಲ್ಲ. ಮುಂದಿನವರನ್ನು ನೋಡಿ ನಡೆದುಕೊಳ್ಳಿ. ಸೇಂಟ್ ಅಲೋಶಿಯಸ್‌ನ ಚಾಪೆಲಿನಲ್ಲಿ ಇಟಲಿಯ ಜೆಸ್ವಿಟ್ ಆಂತೋನಿಯೋ ಮೊಸ್ಕೇನಿ ಬಿಡಿಸಿದ ಚಿತ್ರಗಳಿವೆ. ಅಲ್ಲಿ ಓದುವವರು ಪ್ರವಾಸಿಗರ ಗದ್ದಲವಿಲ್ಲದ ಹೊತ್ತಿನಲ್ಲಿ ಹೋಗಿ ನಿಧಾನವಾಗಿ ನೋಡಬೇಕು.

ನಮ್ಮ ಜಿಲ್ಲೆಗಳ ಕ್ರೈಸ್ತ ವಿದ್ಯಾರ್ಥಿಗಳಿಗೂ ಇಲ್ಲಿ ಹೊಸತಿರುತ್ತದೆ. ರಾಯಚೂರಿನ ಮೆಥಡಿಸ್ಟ್ ಸಭೆಯಲ್ಲೋ ಬಳ್ಳಾರಿಯ ಸಿಎಸ್‌ಐ ಸಭೆಯಲ್ಲೋ ಕನ್ನಡದ ಆರಾಧನೆಯಲ್ಲಿ ಬೆಳೆದವರಿಗೆ ಕ್ಯಾಥೋಲಿಕ್ ಪೂಜೆಯೇ ಬೇರೆಯೆನಿಸಬಹುದು. ಮುದಗಲ್ಲಿನ ಕ್ಯಾಥೋಲಿಕರಿಗೂ ಜೆಸ್ವಿಟರ ಲ್ಯಾಟಿನ್ ಕ್ರಮ ಪರಿಚಿತವೆನಿಸಿದರೆ ಸಿಎಂಐ ಗುರುಗಳ ಸೀರೋ-ಮಲಬಾರ್ ಎಂಬ ಕೇರಳದ ಪೂಜಾಕ್ರಮ ಹೊಸದಾಗಿ ಕಾಣುತ್ತದೆ. ಕ್ಯಾಂಪಸ್ಸಿನ ಪೂಜೆ ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಪೂಜೆ ಎಲ್ಲಿದೆಯೆಂದು ಸಮೀಪದ ಚರ್ಚುಗಳಲ್ಲಿ ಮೊದಲ ತಿಂಗಳಲ್ಲೇ ವಿಚಾರಿಸಿಕೊಳ್ಳಿ. 1924ರಲ್ಲಿ ಆರಂಭವಾದ ಅಖಿಲ ಭಾರತ ಕ್ಯಾಥೋಲಿಕ್ ವಿಶ್ವವಿದ್ಯಾಲಯ ಒಕ್ಕೂಟ, ಅಂದರೆ ಐಕಫ್, ಮತ್ತು 1912ರ ವಿದ್ಯಾರ್ಥಿ ಕ್ರೈಸ್ತ ಚಳವಳಿ, ಅಂದರೆ ಎಸ್‌ಸಿಎಂ, ಭಜನೆಗಷ್ಟೇ ಸೀಮಿತವಾದ ಕೂಟಗಳಲ್ಲ; ಸಾಮಾಜಿಕ ಪ್ರಶ್ನೆಗಳ ಚರ್ಚೆ ಮತ್ತು ಶಿಬಿರಗಳೇ ಅವುಗಳ ಮುಖ್ಯ ಕೆಲಸ.

ಯಾವ ಚಟುವಟಿಕೆಯಿಂದ ಆರಂಭಿಸಬೇಕು

ತರಗತಿಗಳು ಶುರುವಾದ ಕೆಲವೇ ವಾರಗಳಲ್ಲಿ ಸಂಘಗಳ ನೋಂದಣಿ ನಡೆದುಹೋಗುತ್ತದೆ, ಹತ್ತಾರು ಮೇಜುಗಳು, ಹತ್ತಾರು ಕ್ಯೂಆರ್ ಕೋಡ್‌ಗಳು. ಎಲ್ಲದಕ್ಕೂ ಹೆಸರು ಕೊಡುವವರು ಸೆಪ್ಟೆಂಬರಿನ ಹೊತ್ತಿಗೆ ಯಾವುದರಲ್ಲೂ ಇರುವುದಿಲ್ಲ. ನನ್ನ ಸಲಹೆ ಎರಡೇ ಎರಡು: ನಿಮ್ಮ ಇಷ್ಟಕ್ಕಾಗಿ ಒಂದು, ಇನ್ನೊಬ್ಬರ ಕೆಲಸಕ್ಕಾಗಿ ಒಂದು.

ಇಂಗ್ಲಿಷಿನ ಅಳುಕಿರುವವರು ಡಿಬೇಟ್ ಸಂಘವನ್ನೇ ಮೊದಲು ಹೊಕ್ಕು ಧೈರ್ಯ ತೋರಿಸಬೇಕೆಂದು ಹಲವರು ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಮಾತಿಗಿಂತ ಕೈಗೆ ಹೆಚ್ಚು ಕೆಲಸವಿರುವ ಕಡೆಯಿಂದ ಒಳಗೆ ಬನ್ನಿ. ಉತ್ಸವದ ನೋಂದಣಿ ಮೇಜು, ವೇದಿಕೆ ಸಜ್ಜು, ಧ್ವನಿ-ಬೆಳಕು, ಊಟದ ವ್ಯವಸ್ಥೆ, ಆಟದ ಮೈದಾನ — ಇಲ್ಲಿ ವಾಲಂಟಿಯರ್ ಆಗಿ ದುಡಿಯುವವರಿಗೆ ಅಧ್ಯಾಪಕರ, ಸೀನಿಯರ್‌ಗಳ ಪರಿಚಯ ಬೇಗ ಆಗುತ್ತದೆ, ಮತ್ತು ಕೆಲಸದ ನಡುವೆ ಆಡುವ ಮುರುಕು ಇಂಗ್ಲಿಷನ್ನು ಯಾರೂ ತೂಗಿ ನೋಡುವುದಿಲ್ಲ. ಆರು ತಿಂಗಳು ಹೀಗೆ ಓಡಾಡಿದವರು ಮುಂದೆ ಮೈಕಿನ ಮುಂದೆ ನಿಲ್ಲುವಾಗ ಎದುರಿಗೆ ಕುಳಿತವರಲ್ಲಿ ಅರ್ಧದಷ್ಟು ಮಂದಿ ಪರಿಚಿತರೇ ಆಗಿರುತ್ತಾರೆ. ಬಳ್ಳಾರಿ, ರಾಯಚೂರಿನವರಿಗೆ ತೆಲುಗು, ಹಿಂದಿ, ಉರ್ದು ಅಷ್ಟಿಷ್ಟು ಬರುವುದೂ ಸಣ್ಣ ಲಾಭವಲ್ಲ. ಆಂಧ್ರ, ತೆಲಂಗಾಣದ ವಿದ್ಯಾರ್ಥಿಗಳ ಸ್ನೇಹ ಮೊದಲ ವಾರದಲ್ಲೇ ಕುದುರುತ್ತದೆ. ಆದರೆ ‘ನಮ್ಮ ಕಡೆಯವರು’ ಎಂಬ ಗುಂಪಿನಲ್ಲೇ ಮೂರು ವರ್ಷ ಕಳೆದುಬಿಡಬೇಡಿ.

ಎನ್‌ಸಿಸಿ ಸೇರುವ ಆಸೆಯಿದ್ದವರು ತಡಮಾಡುವಂತಿಲ್ಲ, ಆಯ್ಕೆ ವರ್ಷದ ಆರಂಭದಲ್ಲೇ ಮುಗಿಯುತ್ತದೆ. ‘ಬಿ’ ಮತ್ತು ‘ಸಿ’ ಪ್ರಮಾಣಪತ್ರಗಳಿಗೆ ಕವಾಯತಿನ ಹಾಜರಾತಿ ಮತ್ತು ಶಿಬಿರ ಎರಡೂ ಬೇಕು, ಮತ್ತು ಮೂರು ವರ್ಷ ಬಿಡದೆ ಮಾಡುವವರಿಗೆ ಮಾತ್ರ ಪೂರ್ಣ ಪ್ರಯೋಜನ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆಗಳ ಸೇವೆ ಮತ್ತು 7 ದಿನಗಳ ವಿಶೇಷ ಶಿಬಿರವಿರುತ್ತದೆ.

ಕನ್ನಡವನ್ನು ಬಿಡದೆ ಓದಬೇಕೆನ್ನುವವರಿಗೂ ಇಲ್ಲಿ ನೆಲೆಯಿದೆ. ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಅವರು 1972ರಲ್ಲಿ ಕಟ್ಟಿದ ಕನ್ನಡ ಸಂಘ, ಬೇಂದ್ರೆ ಹೆಸರಿನ ಅಂತರಕಾಲೇಜು ಕವನ ಸ್ಪರ್ಧೆಯಿಂದಲೂ ಕಡಿಮೆ ಬೆಲೆಯ ಪುಸ್ತಕಗಳಿಂದಲೂ ನಾಡಿನ ಎಲ್ಲ ಮೂಲೆಗಳ ವಿದ್ಯಾರ್ಥಿ ಕವಿಗಳಿಗೆ ಮೊದಲ ವೇದಿಕೆಯಾಯಿತು. ಕ್ರೈಸ್ತ ಸಂಸ್ಥೆಯೆಂದರೆ ಬರೀ ಇಂಗ್ಲಿಷ್ ಎಂದುಕೊಂಡವರು ಇದನ್ನು ನೆನಪಿಡಬೇಕು. ಮಂಗಳೂರಿನಲ್ಲಿ ಸೇರುವವರು ಅಲೋಶಿಯಸ್‌ನ ಸಮುದಾಯ ಬಾನುಲಿ ‘ರೇಡಿಯೋ ಸಾರಂಗ್ 107.8’ ಕಡೆ ಒಮ್ಮೆ ಹೋಗಿ ವಿಚಾರಿಸಿ. ರಾಯಚೂರು ಕನ್ನಡದ ಕಸುವು ಕರಾವಳಿಯ ಕೇಳುಗರಿಗೂ ತಲುಪಲಿ.

ಸೇವಾಕಾರ್ಯ: ನಮ್ಮವರು ಮುಂದೆ ನಿಲ್ಲಬಹುದಾದ ಜಾಗ

ಕ್ರೈಸ್ತ ವಿಶ್ವವಿದ್ಯಾಲಯಗಳನ್ನು ಉಳಿದವುಗಳಿಂದ ಬೇರೆಯಾಗಿಸುವುದು ಚಾಪೆಲ್ ಅಲ್ಲ, ಔಟ್‌ರೀಚ್ ಎಂದು ಕರೆಯುವ ಸೇವಾಕಾರ್ಯಕ್ಕೆ ಅವು ಕೊಡುವ ತೂಕ. ಕೆಲವೆಡೆ ಅದು ಪದವಿಗೆ ಕಡ್ಡಾಯ, ಕೆಲವೆಡೆ ಐಚ್ಛಿಕ. ಕೊಳೆಗೇರಿಯ ಮಕ್ಕಳಿಗೆ ಸಂಜೆಪಾಠ, ಸರ್ಕಾರಿ ಶಾಲೆಯಲ್ಲಿ ಚಟುವಟಿಕೆ, ಹಳ್ಳಿಯ ಶಿಬಿರ, ಮನೆಮನೆ ಸಮೀಕ್ಷೆ — ರೂಪ ಹಲವು. ನಮ್ಮ ವಿದ್ಯಾರ್ಥಿಗಳು ಇದನ್ನು ಗಂಟೆ ತುಂಬಿಸುವ ಕೆಲಸವೆಂದು ಕಡೆಗಣಿಸುತ್ತಾರೆ. ನಿಜದಲ್ಲಿ ಇಡೀ ಕ್ಯಾಂಪಸ್ಸಿನಲ್ಲಿ ನಮಗೆ ಯಾರಿಗೂ ಇಲ್ಲದ ಅನುಕೂಲವಿರುವುದು ಇಲ್ಲಿಯೇ.

ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ವಾಸಿಸುವವರಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ, ಯಾದಗಿರಿ, ಕಲಬುರಗಿಗಳಿಂದ ಗುಳೆ ಹೋದ ಕುಟುಂಬಗಳು ಬಹಳ. ಕೇರಳದ, ದೆಹಲಿಯ, ಬೆಂಗಳೂರಿನದೇ ಸಹಪಾಠಿ ಪ್ರಶ್ನಾವಳಿ ಹಿಡಿದು ಶೆಡ್ಡಿನ ಮುಂದೆ ನಿಂತಾಗ ಒಳಗಿನಿಂದ ಬರುವ ಉತ್ತರ ಎರಡು ಮಾತಿಗಿಂತ ಹೆಚ್ಚಿರುವುದಿಲ್ಲ. ಅದೇ ಜಾಗದಲ್ಲಿ ‘ಯಾವೂರು ಯಕ್ಕಾ, ಲಿಂಗಸುಗೂರು ಕಡೇರೇನು?’ ಎಂದು ಕೇಳಬಲ್ಲ ವಿದ್ಯಾರ್ಥಿಗೆ, ಮಗುವಿನ ಟಿಸಿ ಊರಿನ ಶಾಲೆಯಲ್ಲೇ ಉಳಿದುಹೋದದ್ದು, ರೇಷನ್ ಕಾರ್ಡ್ ಅತ್ತೆಯ ಬಳಿ ಇರುವುದು, ಮಳೆಗಾಲಕ್ಕೆ ಬಿತ್ತಲು ಮರಳಿ ಹೋಗಬೇಕಿರುವುದು ಎಲ್ಲವೂ ತಿಳಿಯುತ್ತದೆ. ಅಧ್ಯಾಪಕರು ಇದನ್ನು ಒಂದೇ ಭೇಟಿಯಲ್ಲಿ ಗಮನಿಸುತ್ತಾರೆ, ಮುಂದಿನ ಸಲ ತಂಡದ ಹೊಣೆಯನ್ನೇ ಕೊಡುತ್ತಾರೆ.

ಈ ಕೆಲಸಕ್ಕೆ ಹೋಗುವಾಗ ಪಾಲಿಸಬೇಕಾದ ಕ್ರಮ ಹೀಗಿರಲಿ. ಮೊದಲ ಭೇಟಿಯಲ್ಲಿ ಫೋಟೋ ತೆಗೆಯಬೇಡಿ, ತೆಗೆಯುವುದೇ ಆದರೆ ಮನೆಯವರ ಒಪ್ಪಿಗೆ ಕೇಳಿ, ಮಕ್ಕಳ ಮುಖವನ್ನು ಇನ್‌ಸ್ಟಾಗ್ರಾಮಿಗೆ ಹಾಕಲೇಬೇಡಿ. ಸಹಪಾಠಿಗಳಿಗೆ ಅನುವಾದ ಮಾಡುವಾಗ ಹೇಳಿದ್ದನ್ನಷ್ಟೇ ಹೇಳಿ, ನಮ್ಮೂರಿನ ಮರ್ಯಾದೆ ಉಳಿಸಲೆಂದು ಬಡತನವನ್ನು ಮುಚ್ಚಿಡುವುದೂ ಬೇಡ, ಉಬ್ಬಿಸುವುದೂ ಬೇಡ. ಮಾಡಲಾಗದ್ದನ್ನು ಮಾಡಿಸಿಕೊಡುತ್ತೇನೆಂದು ಮಾತು ಕೊಡಬೇಡಿ. ಶಾಲೆಯ ದಾಖಲಾತಿಯಂಥ ಖಚಿತ ಸಂಗತಿಯಿದ್ದರೆ ಅದನ್ನು ಬರೆದುಕೊಂಡು ಸಂಯೋಜಕರಿಗೆ ಒಪ್ಪಿಸಿ, ಮತ್ತು ಏನಾಯಿತೆಂದು ಮುಂದಿನ ವಾರ ನೀವೇ ಹೋಗಿ ತಿಳಿಸಿ. ಪ್ರತಿ ಭೇಟಿಯ ದಿನಾಂಕ, ಗಂಟೆ, ಮಾಡಿದ ಕೆಲಸವನ್ನು ಅಂದೇ ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಪಡೆಯಿರಿ. ಸೆಮಿಸ್ಟರಿನ ಕೊನೆಯಲ್ಲಿ ಸಹಿಗಾಗಿ ಸಾಲು ನಿಲ್ಲುವವರು ಇದನ್ನು ಮಾಡದವರು.

ಉತ್ಸವಗಳು ಮತ್ತು ನಮ್ಮ ಕಲೆ

ಉತ್ಸವ, ಅಂದರೆ ಫೆಸ್ಟ್, ಎರಡು ಬಗೆಯದು: ವಿಭಾಗಗಳ ನಡುವಿನದು, ಕಾಲೇಜುಗಳ ನಡುವಿನದು. ಮೊದಲ ವರ್ಷದವರು ಮೊದಲ ಬಗೆಯದರಲ್ಲಿ ಸ್ಪರ್ಧಿಸಿ, ಖರ್ಚಿಲ್ಲ, ಓಡಾಟವಿಲ್ಲ. ಪಾಶ್ಚಾತ್ಯ ಗಾಯನ, ಹಿಪ್‌ಹಾಪ್ ನೃತ್ಯಗಳ ಅಬ್ಬರ ನೋಡಿ ನಮ್ಮದೇನೂ ಇಲ್ಲಿ ನಡೆಯದು ಎಂದುಕೊಳ್ಳಬೇಡಿ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ಅಂತರವಿಶ್ವವಿದ್ಯಾಲಯ ಯುವಜನೋತ್ಸವಗಳಲ್ಲಿ ಜಾನಪದ ವಾದ್ಯಮೇಳ, ಜಾನಪದ ನೃತ್ಯ, ಏಕಾಂಕ ನಾಟಕ, ಮೂಕಾಭಿನಯಗಳಿಗೆ ಪ್ರತ್ಯೇಕ ಸ್ಪರ್ಧೆಗಳಿವೆ, ಮತ್ತು ಹಲಗೆ, ಡೊಳ್ಳು ಬಾರಿಸಬಲ್ಲವರು ನಗರದ ಕ್ಯಾಂಪಸ್ಸಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆಯಾಟ ನೋಡಿದ ಬಳ್ಳಾರಿಯವರು, ದೊಡ್ಡಾಟದ ಬಣ್ಣ ಬಲ್ಲವರು, ಕಿನ್ನಾಳದ ಗೊಂಬೆ ಕೆಲಸವನ್ನು ಮನೆಯಲ್ಲೇ ಕಂಡ ಕೊಪ್ಪಳದವರು ತಮ್ಮ ಅರ್ಜಿಯ ‘ಕೌಶಲ್ಯ’ ಎಂಬ ಜಾಗದಲ್ಲಿ ಅದನ್ನೇ ಬರೆಯಲಿ. ತಂಡಕ್ಕೆ ಬೇಕಾದ ವೇಷಭೂಷಣದ ಖರ್ಚನ್ನು ವಿದ್ಯಾರ್ಥಿಗಳ ಮೇಲೆ ಹಾಕುತ್ತಾರೆಯೆ, ಸಂಸ್ಥೆ ಭರಿಸುತ್ತದೆಯೆ ಎಂಬುದನ್ನು ಮಾತ್ರ ಹೆಸರು ಕೊಡುವ ಮೊದಲೇ ಕೇಳಿ.

ವಸತಿ, ಸುರಕ್ಷತೆ, ಹಣ

ಹಾಸ್ಟೆಲಿನ ನಿಯಮಗಳು ಪಿಜಿಗಳಿಗಿಂತ ಬಿಗಿ, ಸಂಜೆಯ ಬಾಗಿಲು ಬೇಗ ಮುಚ್ಚುತ್ತದೆ. ಚಟುವಟಿಕೆ ಮುಗಿಯುವುದು ತಡವಾಗುವ ದಿನ ಸಂಯೋಜಕರ ಪತ್ರ ವಾರ್ಡನ್‌ರಿಗೆ ಮೊದಲೇ ಮುಟ್ಟಬೇಕು. ಮಾತನಾಡಿಸುವಾಗ ಗುರುಗಳಿಗೆ ‘ಫಾದರ್’, ಕನ್ಯಾಸ್ತ್ರೀಯರಿಗೆ ‘ಸಿಸ್ಟರ್’, ಇನ್ನೂ ಗುರುದೀಕ್ಷೆಯಾಗದವರಿಗೆ ‘ಬ್ರದರ್’ ಎನ್ನುವುದು ರೂಢಿ.

ಯುಜಿಸಿಯ 2009ರ ನಿಯಮಾವಳಿಯಂತೆ ವಿದ್ಯಾರ್ಥಿ ಮತ್ತು ಪೋಷಕರಿಬ್ಬರೂ ಪ್ರತಿವರ್ಷ ರ‍್ಯಾಗಿಂಗ್ ವಿರೋಧಿ ಪ್ರಮಾಣಪತ್ರ ಸಲ್ಲಿಸಬೇಕು. ತೊಂದರೆಯಾದರೆ 1800-180-5522 ಉಚಿತ ಸಹಾಯವಾಣಿ ಇದೆ. ಲೈಂಗಿಕ ಕಿರುಕುಳದ ದೂರಿಗೆ ಪ್ರತಿ ಸಂಸ್ಥೆಯಲ್ಲೂ ಆಂತರಿಕ ದೂರು ಸಮಿತಿ ಇರುವುದು ಕಡ್ಡಾಯ. ಆಪ್ತಸಮಾಲೋಚಕರ ಕೊಠಡಿ ಎಲ್ಲಿದೆಯೆಂದು ಮೊದಲ ತಿಂಗಳಲ್ಲೇ ನೋಡಿಟ್ಟುಕೊಳ್ಳಿ. ‘ಹುಚ್ಚರು ಹೋಗುವ ಜಾಗ’ ಎಂದು ನಮ್ಮೂರಿನಲ್ಲಿ ಯಾರಾದರೂ ಅಂದರೆ ಅದಕ್ಕೆ ಕಿವಿಗೊಡಬೇಕಿಲ್ಲ.

ಶುಲ್ಕ ಭರಿಸುವುದು ನಡುವರ್ಷದಲ್ಲಿ ಕಷ್ಟವಾದರೆ, ಬೆಳೆ ಕೈಕೊಟ್ಟ ವರ್ಷ ಇದು ಯಾರಿಗೂ ಆಗಬಹುದು, ಸುಮ್ಮನೆ ತರಗತಿಗೆ ಬರುವುದನ್ನು ನಿಲ್ಲಿಸಬೇಡಿ. ಶುಲ್ಕ ವಿನಾಯಿತಿ ಮತ್ತು ಕಂತಿಗಾಗಿ ಲಿಖಿತ ಅರ್ಜಿಯನ್ನು ಕೊನೆಯ ದಿನಾಂಕಕ್ಕೆ ಮೊದಲೇ ಕೊಡಿ, ಜೊತೆಯಲ್ಲಿ ಆದಾಯ ಪ್ರಮಾಣಪತ್ರವಿರಲಿ. ನಿಮ್ಮನ್ನು ಸೇವಾಕಾರ್ಯದಲ್ಲೋ ಮೈದಾನದಲ್ಲೋ ಕಂಡಿರುವ ಅಧ್ಯಾಪಕರೊಬ್ಬರ ಶಿಫಾರಸು ಇಲ್ಲಿ ಬಹಳ ಕೆಲಸ ಮಾಡುತ್ತದೆ.

ಊರಿನ ಹಬ್ಬ, ಅಲ್ಲಿನ ರಜೆ

ಕ್ರೈಸ್ತ ಸಂಸ್ಥೆಯ ರಜಾಪಟ್ಟಿಯಲ್ಲಿ ಗುಡ್ ಫ್ರೈಡೇ, ಕ್ರಿಸ್‌ಮಸ್ ಇರುತ್ತವೆ. ಜೆಸ್ವಿಟ್ ಸಂಸ್ಥೆಗಳಲ್ಲಿ ಜುಲೈ 31ರ ಸಂತ ಇಗ್ನೇಷಿಯಸ್ ಹಬ್ಬಕ್ಕೆ ಸಂಭ್ರಮವಿರುತ್ತದೆ. ನಾಗರಪಂಚಮಿ, ಕಾರಹುಣ್ಣಿಮೆಗಳಿಗೆ ರಜೆ ನಿರೀಕ್ಷಿಸಬೇಡಿ. ಜನವರಿಯಲ್ಲಿ ಬರುವ ಕೊಪ್ಪಳದ ಗವಿಮಠದ ಜಾತ್ರೆಯ ಹೊತ್ತಿಗೆ ಅಲ್ಲಿ ತರಗತಿಗಳು ಪೂರ್ತಿ ನಡೆಯುತ್ತಿರುತ್ತವೆ. ರಥೋತ್ಸವಕ್ಕೆ ಬರಲೇಬೇಕೆನ್ನುವವರು ಆ ಸೆಮಿಸ್ಟರಿನಲ್ಲಿ ಅದೊಂದಕ್ಕೆಂದೇ ಗೈರಿನ ಲೆಕ್ಕ ಉಳಿಸಿಕೊಳ್ಳಬೇಕು. ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರಿಗೆ ರಾತ್ರಿ ಹತ್ತಿ ಬೆಳಿಗ್ಗೆ ಇಳಿಯುವ ಹಂಪಿ ಎಕ್ಸ್‌ಪ್ರೆಸ್, ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಒದಗುತ್ತವೆ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುವುದರಿಂದ ರಜಾಪಟ್ಟಿ ಕೈಗೆ ಬಂದ ದಿನವೇ ದಸರಾ, ಯುಗಾದಿಯ ದಿನಾಂಕಗಳಿಂದ ಹಿಂದಕ್ಕೆ ಎಣಿಸಿ ಮೊಬೈಲಿನಲ್ಲಿ ನೆನಪಿನ ಗಂಟೆ ಇಟ್ಟುಕೊಳ್ಳಿ.

ವರ್ಷದ ಕೊನೆಗೆ

ಎರಡನೇ ಸೆಮಿಸ್ಟರ್ ಮುಗಿಯುವ ಮುನ್ನ ಮಾಡಬೇಕಾದ್ದು ಮೂರು. ಒಂದು, ಭಾಗವಹಿಸಿದ ಎಲ್ಲದರ ಪ್ರಮಾಣಪತ್ರಗಳನ್ನು ಸಂಗ್ರಹಿಸಿ. ಸೀನಿಯರ್ ಸಂಯೋಜಕರು ಪದವಿ ಮುಗಿಸಿ ಹೋದ ಮೇಲೆ ಅವನ್ನು ಕೊಡುವವರು ಇರುವುದಿಲ್ಲ. ಎರಡು, ಮುಂದಿನ ವರ್ಷದ ಸಂಘದ ಪದಾಧಿಕಾರಿಗಳ ಆಯ್ಕೆಯ ಪ್ರಕಟಣೆಯನ್ನು ಗಮನಿಸಿ, ನೀವು ನಿಜವಾಗಿ ದುಡಿದ ಒಂದು ಸಂಘಕ್ಕೆ ಮಾತ್ರ ಅರ್ಜಿ ಹಾಕಿ. ಸಂದರ್ಶನದಲ್ಲಿ ಕೇಳುವುದು ಮಾಡಿದ ಕೆಲಸವನ್ನೇ, ಇಂಗ್ಲಿಷಿನ ಸೊಗಸನ್ನಲ್ಲ. ಮೂರು, ಬೇಸಿಗೆ ರಜೆಯ ಇಂಟರ್ನ್‌ಶಿಪ್. ಅದಕ್ಕಾಗಿ ಬೆಂಗಳೂರಿನಲ್ಲೇ ಉಳಿದು ಪಿಜಿ ಬಾಡಿಗೆ ಕಟ್ಟಬೇಕೆಂದೇನೂ ಇಲ್ಲ: ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಹಟ್ಟಿ ಚಿನ್ನದ ಗಣಿ, ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಎಲ್ಲವೂ ಮನೆಯಿಂದ ಬಸ್ಸಿನ ದೂರದಲ್ಲಿವೆ, ಮತ್ತು ಸಮಾಜಕಾರ್ಯ, ವಾಣಿಜ್ಯ ಓದುವವರು ಜಿಲ್ಲಾ ಪಂಚಾಯಿತಿ, ಸಹಕಾರ ಬ್ಯಾಂಕುಗಳಲ್ಲಿಯೂ ಕೇಳಬಹುದು. ಇಂಥ ಕಡೆಗಳಲ್ಲಿ ಒಪ್ಪಿಗೆ ಬರಲು ವಾರಗಳೇ ಹಿಡಿಯುವುದರಿಂದ ವಿಭಾಗದ ಮುಖ್ಯಸ್ಥರ ಸಹಿಯಿರುವ ಶಿಫಾರಸು ಪತ್ರವನ್ನು ಫೆಬ್ರವರಿಯೊಳಗೆ ಪಡೆದು, ಒಂದು ಪ್ರತಿಯನ್ನು ಅಂಚೆಯಲ್ಲಿ ಕಳುಹಿಸಿ, ಇನ್ನೊಂದನ್ನು ಯುಗಾದಿಗೆ ಊರಿಗೆ ಬಂದಾಗ ಕಚೇರಿಗೆ ನೀವೇ ಹೋಗಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.